ಗಟ್ಟಿಯಾಗದ ಮಾಳಿಗೆ

ನಮ್ಮ ಮನೆಯವರಿಗೆ ಒಣ ಕೋಲಿ, ಹಸಿ ಇಲ್ಲದ ಕೋಣೆ ಬೇಕು ಅಂತ ಯಾದಗಿರಿಯ ಡಾಕ್ಟರು ಹೇಳಿದ್ದು ಮಾಘ ಮಾಸದಲ್ಲಿ. ಎದೆಯ ಬೇನೆಗೆ ಸೂಜಿ ಎಷ್ಟು ಮುಖ್ಯವೋ ಗಾಳಿ ಬೆಳಕೂ ಅಷ್ಟೇ ಮುಖ್ಯ, ಹಸಿ ಗೋಡೆಗಳ ನಡುವೆ ಇನ್ನೊಂದು ಮಳೆಗಾಲ ಕಳೆಯಬೇಡಿ ಅಂದರು. ಹೇಳುವಾಗ ರೋಗಿಯ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು. ಕೆಲಸ ಯಾರ ಪಾಲಿಗೆ ಬಂತು ಅಂತ ಆಗಲೇ ತಿಳಿಯಿತು.

ಶಹಾಪುರದ ನಮ್ಮ ಮನೆಗೆ ಇದ್ದದ್ದು ಮಣ್ಣಿನ ಮಾಳಿಗೆ. ಕಲ್ಲಿನ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಬೇವಿನ ತಪ್ಪಲು ಹಾಸಿ ಹೇರಿದ ಮಣ್ಣು. ಬೇಸಿಗೆಯಲ್ಲಿ ತಂಪು, ಅದನ್ನು ಅಲ್ಲಗಳೆಯಲಾರೆ. ಆದರೆ ಆರಿದ್ರಾ ಮಳೆ ಹಿಡಿಯಿತೋ, ಕೊಡ, ತಂಬಿಗೆ, ಪರಾತ ಎಲ್ಲ ಸೋರುವ ಜಾಗದ ಕೆಳಗೆ ಹೋಗುತ್ತಿದ್ದವು, ಅಡಿಗೆಗೆ ಪಾತ್ರೆ ಉಳಿಯುತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಇವರ ಹಾಸಿಗೆಯನ್ನು ಮೂಲೆಯಿಂದ ಮೂಲೆಗೆ ಎಳೆದು ಎಳೆದು ಕೊನೆಗೆ ಒಲೆಯ ಪಕ್ಕ ಹಾಕಿದ್ದೆ. ಅಲ್ಲಿ ಹನಿ ಇರಲಿಲ್ಲ, ಹೊಗೆ ಇತ್ತು. ಕೆಮ್ಮಿಗೆ ಎರಡೂ ಒಂದೇ.

ಅಂಗಳದ ಪೂರ್ವಕ್ಕೆ ನಾಲ್ಕು ಗೋಡೆ ನಿಂತಿದ್ದವು. ಮಾವನವರು ಕೋಲಿ ಕಟ್ಟಬೇಕೆಂದು ಎಬ್ಬಿಸಿ, ಮೇಲೆ ಹೊದಿಸದೆ ತೀರಿಕೊಂಡಿದ್ದರು. ಅದಕ್ಕೆ ಮಾಳಿಗೆ ಹಾಕಿದರೆ ಸಾಕು, ಗಾಳಿ ಬೆಳಕಿನ ಒಣ ಕೋಲಿ. ತೊಲೆಗೆ ಸಾಗುವಾನಿ ತರುವ ಶಕ್ತಿ ನಮಗಿರಲಿಲ್ಲ. ಸ್ಲ್ಯಾಬು ಹಾಕಿಸೋಣ ಅಂದವರು ನಮ್ಮ ಮನೆಯವರೇ. ಅವರು ತಹಶೀಲ ಕಚೇರಿಯ ಗುಮಾಸ್ತರು. ನಿಜಾಮನ ಆಡಳಿತ ಹೋಗಿ ಕೆಲವು ವರ್ಷ ಆಗಿದ್ದವು, ಕಚೇರಿಯ ಕಾಗದಗಳು ಉರ್ದುವಿನಿಂದ ಕನ್ನಡಕ್ಕೆ ತಿರುಗುತ್ತಿದ್ದವು. ಬಲದಿಂದ ಎಡಕ್ಕೆ ಓಡಿ ರೂಢಿಯಾದ ಅವರ ಕೈ, ಕನ್ನಡದ ಕಾಗದ ಬರೆಯುವಾಗ ಎತ್ತು ತಿರುಗಿಸಿದ ಹಾಗೆ ನಿಂತು ನಿಂತು ಹೋಗುತ್ತಿತ್ತು. ಸುರಪುರದ ರಸ್ತೆಯಲ್ಲಿ ಹೊಸ ಮೋರಿಯೊಂದನ್ನು ಸಿಮೆಂಟಿನಲ್ಲಿ ಕಟ್ಟಿದ್ದನ್ನು ಅವರು ನೋಡಿ ಬಂದಿದ್ದರು.

"ಅದರ ಮ್ಯಾಲ ಲಾರಿ ಹೋಗತದ. ನಮ್ಮ ಮಳಿ ಲಾರಿಗಿಂತ ಭಾರ ಅದ ಏನು?" ಅಂದರು.

ಸಿಮೆಂಟಿಗೂ ಕಬ್ಬಿಣದ ಸಳಿಗೂ ಆಗ ಸರ್ಕಾರದ ಪರ್ಮಿಟ್ ಬೇಕಿತ್ತು. ಕಾಯಿಲೆಯ ಗುಮಾಸ್ತ ಅಂತ ಕರುಣೆಯಿಂದ ಅರ್ಜಿ ಮುಂದೆ ಹೋಯಿತು. ಒಂದೇ ಸಲ, ಮತ್ತೆ ಕೇಳಬಾರದು ಅಂತ ಸಾಹೇಬರು ಮೊದಲೇ ಹೇಳಿದ್ದರು. ಯಾದಗಿರಿ ಸ್ಟೇಷನ್ನಿಗೆ ಬಂದ ಮಾಲನ್ನು ನನ್ನ ಮೈದುನ ಬಂಡಿ ಹೂಡಿಸಿಕೊಂಡು ತಂದ. ದಾರಿಯಲ್ಲಿ ಅಕಾಲದ ಮಳೆ ನಾಲ್ಕು ಹನಿ ಉದುರಿಸಿ, ಮೇಲಿನ ಎರಡು ಚೀಲ ಗಡ್ಡೆ ಕಟ್ಟಿದವು. ಉಳಿದವು ಪುಡಿಯಾಗಿಯೇ ಇದ್ದವು. ಇಷ್ಟಾದರೂ ಉಳಿಸಿದೆಯಲ್ಲಪ್ಪ ಅಂತ ಲಿಂಗಕ್ಕೆ ಕೈ ಮುಗಿದೆ. ಜೋಳದ ಚೀಲ ಇಡುವ ಹಾಗೆ ನೆಲದಿಂದ ಎತ್ತರಕ್ಕೆ ಹಲಗೆ ಹಾಕಿ, ಗೋಡೆಗೆ ತಾಗದಂತೆ ಇಡಿಸಿದೆ. ನೆಲಕ್ಕೂ ಗೋಡೆ ಮೆತ್ತುವ ಗಿಲಾವಿಗೂ ಬೇಕಾಗುವ ಚೀಲಗಳನ್ನು ಬೇರೆಯೇ ತೆಗೆದಿಟ್ಟೆ.

ಕೆಲಸಕ್ಕೆ ಬಂದವರು ಊರಿನ ಹಳೆಯ ಗೌಂಡಿ. ಅವರನ್ನು ಎಲ್ಲರೂ ಚಾಚಾ ಅಂತಲೇ ಕರೆಯುವುದು. ಮಠದ ಮಾಳಿಗೆ, ದರ್ಗಾದ ಗುಮ್ಮಟ, ನಮ್ಮ ಓಣಿಯ ಬಾವಿಯ ಕಟ್ಟೆ ಎಲ್ಲವೂ ಅವರ ಕೈಯದು, ಇಲ್ಲವೇ ಅವರ ಅಪ್ಪನ ಕೈಯದು. ಎಲ್ಲಾ ಗಚ್ಚಿನ ಕೆಲಸ. ಸುಣ್ಣ ಸುಟ್ಟು, ನೆನೆಹಾಕಿ, ಗಾಣದಲ್ಲಿ ಎತ್ತು ಕಟ್ಟಿ ಅರೆದು, ಬೆಲ್ಲದ ನೀರು, ಬಿಲ್ವದಕಾಯಿಯ ಲೋಳೆ ಕೂಡಿಸಿ ಮಾಡುವ ಗಚ್ಚು. ಚಾಚಾನದು ಮಾತು ಕಡಿಮೆ. ಪೊಲೀಸ್ ಆ್ಯಕ್ಷನ್ನಿನ ವರ್ಷ ಅವರ ಮನೆಯಲ್ಲಿ ಸಾವಾಗಿತ್ತು. ಹೇಗಾಯಿತು ಅಂತ ಓಣಿಯಲ್ಲಿ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಅದಕ್ಕೂ ಹಿಂದಿನ ವರ್ಷ ನನ್ನ ಮೈದುನ ರಜಾಕಾರರ ಕೈಯಲ್ಲಿ ಏಟು ತಿಂದು, ಊರು ಬಿಟ್ಟು ಗಡಿಯಾಚೆ ಇದ್ದು ಬಂದಿದ್ದ. ಇಬ್ಬರೂ ಒಂದೇ ಅಂಗಳದಲ್ಲಿ ಕೆಲಸ ಮಾಡುವಾಗ ಒಬ್ಬರ ಕಣ್ಣು ಒಬ್ಬರು ನೋಡುತ್ತಿರಲಿಲ್ಲ.

ಸಳಿಗಳು ಮಡಚಿ ಬಂದಿದ್ದವು. ಕಮ್ಮಾರನನ್ನು ಕರೆಸಿ ಬಂಡೆಯ ಮೇಲಿಟ್ಟು ಬಡಿಸಿ ನೆಟ್ಟಗೆ ಮಾಡಿಸಿ, ಎರಡೂ ತುದಿಗೆ ಕೊಕ್ಕೆ ಹಾಕಿಸಿದೆವು. ಮೋರಿಯ ಕೆಲಸದ ಓವರ್ಸೀರರು, ಧಾರವಾಡದ ಕಡೆಯವರು, ನಮ್ಮ ಮನೆಯವರ ಮುಖ ನೋಡಿ ಒಂದು ಸಲ ಬಂದು ಹೋದರು. ಸಿಮೆಂಟು ಒಂದು ಪಾಲು, ಉಸುಕು ಎರಡು, ಜಲ್ಲಿಯ ಖಡಿ ನಾಲ್ಕು ಅಂತ ಹೇಳಿದರು. ಸಳಿ ಅಚ್ಚಿನ ಹಲಗೆಗೆ ಅಂಟಿಕೊಂಡು ಕೂಡಬಾರದು, ಕೆಳಗೆ ಸಣ್ಣ ಕಲ್ಲಿನ ಚೂರು ಕೊಟ್ಟು ಎತ್ತಬೇಕು, ಕೆಳಗಿನಿಂದ ಸಿಮೆಂಟು ಅಪ್ಪಿಕೊಳ್ಳಬೇಕು ಅಂದರು. ನೀರು ಜಾಸ್ತಿ ಹಾಕಬೇಡಿ, ಆಮೇಲೆ ನೀರು ಕಡಿಮೆ ಮಾಡಬೇಡಿ ಅಂದರು. ಈ ಮಾತು ನನಗೆ ಚೆಂದ ಅನ್ನಿಸಿತು. ಕಲಸುವಾಗ ಹಿಡಿತ, ಹಾಕಿದ ಮೇಲೆ ಧಾರಾಳ. ರೊಟ್ಟಿಯ ಹಿಟ್ಟು ನಾದಿದವರಿಗೆ ಅರ್ಥವಾಗುವ ಮಾತು.

ಚಾಚಾ ಎಲ್ಲಾ ಕೇಳಿ ತಲೆ ಆಡಿಸಿದರು. ಸಳಿಯ ಕೆಳಗೆ ಫರ್ಸಿ ಕಲ್ಲಿನ ಚೂರುಗಳನ್ನು ಒಂದೊಂದಾಗಿ ಇಟ್ಟದ್ದು ನಾನೇ. ತಂತಿಯಿಂದ ಸಳಿ ಬಿಗಿದವರು ಚಾಚಾ. ಆ ಜಾಳಿಗೆ ನೋಡಿ ಇವರು ಮಂಚದ ಮೇಲಿಂದಲೇ, "ಭಾರೀ ಹೆಣೆದಾನ, ನನಗೊಂದು ಹೊರಸು ಹಂಗ ಹೆಣೆದುಕೊಟ್ರ ಸಾಕು" ಅಂದರು. ಚಾಚಾ ನಕ್ಕಿದ್ದು ಅದೊಂದೇ ಸಲ ನೋಡಿದ್ದೇನೆ.

ಸ್ಲ್ಯಾಬು ಹಾಕುವ ದಿನ ಬೆಳಗ್ಗೆ ನಾನು ಪೂಜೆ ಮುಗಿಸಿ ಅಂಗಳಕ್ಕೆ ಬರುವಷ್ಟರಲ್ಲಿ ಉಸುಕು ಸಿಮೆಂಟು ಒಣದಾಗಿ ಕಲಸಿ ರಾಶಿ ಮಾಡಿದ್ದರು. ಚಾಚಾ ಬೆಲ್ಲ ಕೇಳಿದರು. ಕೇಳಬೇಕಾದ್ದೇ. ನಮ್ಮ ಕಡೆ ಮಾಳಿಗೆಯ ಕೆಲಸಕ್ಕೆ ಮನೆಯೊಡತಿ ಬೆಲ್ಲದ ನೀರು ಕಾಸಿ ಕೊಡುವುದು ಪದ್ಧತಿ. ಅದು ಮಾಳಿಗೆಗೆ ಅಂಟು ಕೊಡುತ್ತದೆ, ಮನೆಗೆ ಸಿಹಿ ಕೊಡುತ್ತದೆ ಅಂತ ನಂಬಿಕೆ. ನಮ್ಮ ಅತ್ತೆಯವರು ಬಾವಿಯ ಕಟ್ಟೆಗೆ ಕಾಸಿ ಕೊಟ್ಟಿದ್ದರು, ಮಠಕ್ಕೆ ಊರೆಲ್ಲ ಕಾಸಿ ಕೊಟ್ಟಿತ್ತು. ನಾನು ಎರಡು ಹಂಡೆ ಕಾಸಿದೆ. ಬಿಲ್ವದಕಾಯಿಯನ್ನು ಚಾಚಾ ತಾವೇ ತಂದಿದ್ದರು.

ನೀರು ಆರುವ ಮೊದಲು ಒಂದು ಬುಟ್ಟಿಯಷ್ಟು ಮಾಲನ್ನು ಬಾವಿ ನೀರಿನಲ್ಲಿ ಕಲಸಿಸಿಕೊಂಡು, ನಮ್ಮ ಬಚ್ಚಲಿನ ಒಡಕಿಗೆ ಮೆತ್ತಿಸಿಕೊಂಡೆ. ಇಷ್ಟು ದೊಡ್ಡ ಕೆಲಸ ನಡೆದಾಗ ಸಣ್ಣದೊಂದು ಆಗಿ ಹೋಗಲಿ ಅನ್ನುವ ಹೆಂಗಸಿನ ಬುದ್ಧಿ. ಆಮೇಲೆ ಬೆಲ್ಲದ ನೀರು ಬಿತ್ತು, ಬುಟ್ಟಿ ಕೈಯಿಂದ ಕೈಗೆ ಏಣಿ ಹತ್ತಿದವು. ಬಿಸಿಲು ಏರುವಷ್ಟರಲ್ಲಿ ಸ್ಲ್ಯಾಬು ತುಂಬಿ ಸಮ ಆಯಿತು. ಬಂದವರಿಗೆಲ್ಲ ಹುಗ್ಗಿ ಬಡಿಸಿದೆ.

ಗಚ್ಚಿನ ಮಾಳಿಗೆ ಹಾಕಿದ ಮರುದಿನ ಹೆಂಗಸರು ಸಾಲಾಗಿ ಕೂತು ಕಟ್ಟಿಗೆಯ ಬಡಿಗೆಯಿಂದ ಬಡಿಯುತ್ತಾರೆ. ಮೆತ್ತಗಿರುವಾಗಲೇ ಬಡಿದು ಬಡಿದು ಬಿಗಿ ಮಾಡುವುದು. ಚಾಚಾ ಹಾಗೇ ಬಡಿಸಿದರು. ಬಡಿಗೆ ಇಳಿಯುತ್ತಿತ್ತು, ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಗಚ್ಚು ಹಾಗೇ ಇರುತ್ತದೆ. ನಾಲ್ಕನೆಯ ದಿನ ಮೇಲೆ ಒಣ ಪದರು ಕಟ್ಟಿತು. ನಾನು ಗೋಣಿ ಹಾಸಿ ನೀರು ಹಾಕುತ್ತಿದ್ದೆ. ನೀರು ಬಿದ್ದಲ್ಲಿ ಮತ್ತೆ ಕೆಸರು. ಸೌಟಿನ ಹಿಡಿಕೆಯಿಂದ ಚುಚ್ಚಿದೆ, ಸಳಿಗೆ ತಾಗುವವರೆಗೂ ಹೋಯಿತು.

"ಬೇಟಿ, ಗಚ್ಚಿಗಿ ಅವಸರ ಮಾಡಬಾರದು. ತಾನ ಹಿಡೀತದ," ಅಂದರು ಚಾಚಾ. ನಂಬಿದೆ. ನಂಬದೆ ಏನು ಮಾಡಲಿ, ಮಠದ ಮಾಳಿಗೆ ಅವರ ಹಿಂದೆ ನಿಂತಿತ್ತು.

ದಿನ ಕಳೆದವು. ವೈಶಾಖದ ಬಿಸಿಲು ಸುಟ್ಟು ಬೀಳಿಸುತ್ತಿತ್ತು, ನಾನು ದಿನಾ ಸೌಟು ಹಿಡಿದು ಏಣಿ ಹತ್ತುತ್ತಿದ್ದೆ. ಓಣಿಯವರು ನೋಡಿ ನಗುತ್ತಿದ್ದರು. "ಏನವ್ವಾ, ಮಾಳಿಗಿ ಬೆಂದದೇನು?" ಅಂತ ಎದುರುಮನೆಯಾಕೆ ಕೇಳುವಳು. "ಇನ್ನಾ ಒಂದು ಕುದಿ ಬೇಕು" ಅಂತ ನಾನೂ ಅಂದುಬಿಡುತ್ತಿದ್ದೆ. ಏಣಿ ಇಳಿದವಳೇ ದಿನ ಎಣಿಸುತ್ತಿದ್ದೆ. ಕಾರಹುಣ್ಣಿಮೆ ಹತ್ತಿರ ಬರುತ್ತಿತ್ತು, ಅದರ ಹಿಂದೆ ಮಳೆ. ಇವರ ಕೆಮ್ಮಿಗೆ ಆಗ ಕೆಂಪು ಬೀಳಲು ಶುರುವಾಗಿತ್ತು. ಹೈದರಾಬಾದಿನಿಂದ ತರಿಸಿದ ಸೂಜಿ ಮುಗಿಯುತ್ತ ಬಂದಿತ್ತು.

ಒಂದು ಬೆಳಗ್ಗೆ ಬಚ್ಚಲಿನಲ್ಲಿ ಬೋಗುಣಿ ತಿಕ್ಕುವಾಗ ಕೈ ಜಾರಿ ಬೋಗುಣಿ ಬಿತ್ತು. ನಾನು ಮೆತ್ತಿಸಿದ ಸಿಮೆಂಟಿನ ಮೇಲೇ ಬಿತ್ತು. ಬೋಗುಣಿ ನೆಗ್ಗಿತು, ಸಿಮೆಂಟಿಗೆ ಗೀರೂ ಬೀಳಲಿಲ್ಲ. ಬೂದಿ ಕೈಯಲ್ಲೇ ಅದನ್ನು ನೋಡುತ್ತ ಕೂತೆ. ಅದೇ ಚೀಲ, ಅದೇ ಉಸುಕು, ಅದೇ ದಿನ. ಇದು ಕಲ್ಲಾಗಿದೆ, ಅದು ಕೆಸರಾಗಿದೆ. ನಡುವೆ ಬೇರೆ ಆದದ್ದು ಒಂದೇ.

ಮೇಲೆ ಹೋಗಿ ಸ್ಲ್ಯಾಬಿನ ಮುದ್ದೆಯೊಂದನ್ನು ಎತ್ತಿ ಎಲೆಯಲ್ಲಿ ಕಟ್ಟಿಕೊಂಡೆ. ಮೈದುನನನ್ನು ಜೊತೆಗೆ ಕರೆದುಕೊಂಡು ಸುರಪುರದ ರಸ್ತೆಯ ಮೋರಿಯ ತನಕ ಹೋದೆ. ಓವರ್ಸೀರರು ಮುದ್ದೆಯನ್ನು ಬೆರಳಲ್ಲಿ ಪುಡಿ ಮಾಡಿದರು. ಮೂಸಿದರು. ಒಂದು ಚೂರು ನಾಲಿಗೆಗೆ ಮುಟ್ಟಿಸಿ ಉಗುಳಿದರು.

"ಅಕ್ಕಾರ, ಇದಕ್ಕ ಏಲಕ್ಕಿ ಒಂದ ಕಮ್ಮಿ ಆಗೇತಿ," ಅಂದರು.

ಅಲ್ಲಿದ್ದ ಕೂಲಿಯವರು ನಕ್ಕರು. ನನ್ನ ಮುಖ ನೋಡಿ ಓವರ್ಸೀರರು ಅವರನ್ನು ಕೆಲಸಕ್ಕೆ ಅಟ್ಟಿದರು. ಬೆಲ್ಲ ಬಿದ್ದ ಸಿಮೆಂಟು ಕೂಡುವುದಿಲ್ಲ, ಚಿಟಿಕೆ ಬಿದ್ದರೆ ತಡವಾಗುತ್ತದೆ, ಇಷ್ಟು ಬಿದ್ದರೆ ಅದರ ಕಥೆ ಮುಗಿಯಿತು ಅಂತ ಸಮಾಧಾನದಿಂದ ಹೇಳಿದರು. ಸುಣ್ಣಕ್ಕೆ ಬೆಲ್ಲ ಬಲ ಕೊಡುತ್ತದೆ, ಸಿಮೆಂಟಿಗೆ ಅದೇ ವಿಷ. ಒಡೆದು ಹಾಕಿ, ಕೆಳಗಿನ ಆಸರದ ಗಳ ಯಾರೂ ಮುಟ್ಟಬೇಡಿ, ಮಳೆ ಬಿದ್ದರೆ ಎಲ್ಲಾ ಒಟ್ಟಿಗೇ ಬರುತ್ತದೆ ಅಂದರು.

"ನೀವು ಬಂದಾಗ ಹೇಳಲಿಲ್ಲಲ್ರೀ," ಅಂದೆ.

"ಬೆಲ್ಲ ಹಾಕಬ್ಯಾಡ್ರಿ ಅಂತ ಯಾರರೆ ಹೇಳತಾರೇನ್ರಿ? ಸಾರಿಗೆ ಸುಣ್ಣ ಹಾಕಬ್ಯಾಡ್ರಿ ಅಂತ ನಾ ನಿಮಗ ಹೇಳೇನೇನು?"

ಅವರ ಮಾತಿನಲ್ಲಿ ತಪ್ಪಿಲ್ಲ. ಚಾಚಾನ ಕೆಲಸದಲ್ಲೂ ಗಚ್ಚಿನ ಲೆಕ್ಕಕ್ಕೆ ತಪ್ಪಿರಲಿಲ್ಲ. ಅಷ್ಟು ದೊಡ್ಡ ಹಾನಿಗೆ ತಪ್ಪಿತಸ್ಥ ಯಾರೂ ಇಲ್ಲದಿರುವುದು ನನಗೆ ಮೊದಲ ಸಲ ಕಹಿ ಅನ್ನಿಸಿತು. ಮೈದುನನಿಗೆ ಹಾಗನ್ನಿಸಲಿಲ್ಲ. ಊರು ಸಿಕ್ಕ ಮೇಲೆ ಅವನು ಮನೆಗೂ ಬರಲಿಲ್ಲ, ನೇರವಾಗಿ ಗುಡಿಯ ಕಟ್ಟೆಗೆ ಹೋದ.

ನಾನು ಇವರಿಗೆ ಸುದ್ದಿ ಹೇಳಿದೆ. ಸೂರು ನೋಡುತ್ತ ಕೇಳಿದರು. "ನನಗಿಂತ ಮೊದಲ ಮಾಳಿಗಿ ಹೋತಲ್ಲ," ಅಂದರು. ನಗಲಿ ಅಂತ ಅಂದದ್ದು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಅಷ್ಟರಲ್ಲಿ ಎದುರುಮನೆಯಾಕೆ ಓಡಿಬಂದು, ಕಟ್ಟೆಯ ಹತ್ತಿರ ಚಾಚಾನನ್ನು ನಿಲ್ಲಿಸಿದ್ದಾರೆ ಅಂದಳು.

ಹೋಗಿ ನೋಡಿದರೆ ಚಾಚಾನ ಕರಣಿ, ತೂಗುಗುಂಡು, ಗಜದ ಪಟ್ಟಿ ರಸ್ತೆಯಲ್ಲಿ ಬಿದ್ದಿದ್ದವು. ಅವರು ಬೇಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಬೇಕಂತಲೇ ಕೆಡಿಸಿದ್ದಾನೆ, ಹಿಂದೂಗಳ ಮನೆಯ ಮೇಲೆ ಸೇಡು ತೀರಿಸಿಕೊಂಡಿದ್ದಾನೆ ಅಂತ ಮೈದುನ ಹೇಳಿಯಾಗಿತ್ತು. ಆ ವರ್ಷಗಳಲ್ಲಿ ಅಂಥ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಟ್ಟೆಯ ಮೇಲಿದ್ದ ಹಿರಿಯರು ಯಾರನ್ನೂ ತಡೆಯಲಿಲ್ಲ. ಕೆಲವರು ಠಾಣೆಗೆ ಹೋಗೋಣ ಅಂದರು. ಕೆಲವರಿಗೆ ಠಾಣೆಯೂ ಬೇಕಿರಲಿಲ್ಲ.

ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಮುಂದೆ ಹೋದೆ. ಗಂಡಸರ ಕಟ್ಟೆಗೆ ಹೆಂಗಸು ಹೋಗುವಂತಿಲ್ಲ. ಅವತ್ತು ಬೇರೆ ದಾರಿ ಇರಲಿಲ್ಲ.

"ಬೆಲ್ಲ ಕಾಸಿದಾಕಿ ನಾನು," ಅಂದೆ. "ನಮ್ಮ ಒಲಿ ಮ್ಯಾಲ, ನಮ್ಮ ಹಂಡ್ಯಾಗ, ಪೂಜಿ ಮಾಡಿ ಕಾಸೀನಿ. ಸೇಡು ಅಂದ್ರ ನಾನೂ ಸೇಡಿನಾಕಿ. ಮಠದ ಮಾಳಿಗಿಗೂ ಇದೇ ಚಾಚಾ ಇದೇ ಬೆಲ್ಲ ಹಾಕ್ಯಾರ. ಅದು ಬಿದ್ದದೇನು? ನಿಮ್ಮ ಮನ್ಯಾಗಿನ ಬೆಲ್ಲನೂ ಅದರಾಗ ಅದ."

ಮೈದುನ, "ವೈನಿ, ನಿನಗ ತಿಳಿಯಂಗಿಲ್ಲ, ನೀ ಮನಿಗಿ ನಡಿ," ಅಂದ.

"ನಿಮ್ಮಣ್ಣಗ ಮಳಿಗಿ ಮೊದಲ ಮಾಳಿಗಿ ಬೇಕು. ನೀ ಹಾಕ್ತೀಯೇನು? ಹಾಕು. ಇಲ್ಲಾ ಅಂದ್ರ ಅವರನ್ನ ಬಿಡು."

ಅವನು ಮುಖ ತಿರುಗಿಸಿದ. ಮಠದ ಮಾತು ಕೇಳಿ ಹಿರಿಯರು ಕಟ್ಟೆಯಿಂದ ಎದ್ದರು. ಒಬ್ಬೊಬ್ಬರಾಗಿ ಕರಗಿದರು. ರಕ್ತ ಹರಿಯಲಿಲ್ಲ, ಅಷ್ಟು ದೇವರು ನಡೆಸಿದ. ಚಾಚಾ ಬಗ್ಗಿ ತಮ್ಮ ಸಾಮಾನು ಆರಿಸಿಕೊಂಡರು. ನನ್ನ ಕಡೆ ನೋಡಲಿಲ್ಲ. ಥ್ಯಾಂಕ್ಸೂ ಇಲ್ಲ, ದುವಾನೂ ಇಲ್ಲ. ಅದನ್ನು ನಾನು ಬಯಸಿದ್ದೆ ಅಂತ ಹೇಳಿದರೆ ಸುಳ್ಳಾಗಲಿಕ್ಕಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಮತ್ತೆ ಪರ್ಮಿಟ್ ಸಿಗುವುದಿಲ್ಲ. ಸ್ಲ್ಯಾಬಿಗೆ ಹೋದ ಸಿಮೆಂಟು ಹೋಯಿತು. ಉಳಿದದ್ದು ನೆಲಕ್ಕೆ, ಗಿಲಾವಿಗೆ ಅಂತ ತೆಗೆದಿಟ್ಟ ಚೀಲಗಳು. ಸಳಿಗಳು ಸ್ಲ್ಯಾಬಿನೊಳಗೆ ಇದ್ದರೂ ಸಾಯಲಿಲ್ಲ, ಕೆಸರಿನಲ್ಲಿ ಬಿದ್ದ ಕಬ್ಬಿಣ ಕಬ್ಬಿಣವೇ. ಮೈದುನನನ್ನು ಕೇಳುವ ಹಾಗಿರಲಿಲ್ಲ. ನಾನೇ ಮತ್ತೆ ಓವರ್ಸೀರರ ಹತ್ತಿರ ಹೋಗಿ ಇರುವಷ್ಟರಲ್ಲಿ ಏನಾಗುತ್ತದೆ ಅಂತ ಕೇಳಿದೆ. ಅವರು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದರು. ಸ್ಲ್ಯಾಬು ಬೇಡ. ಮೂರು ತೊಲೆ ಮಾತ್ರ ಸಿಮೆಂಟಿನಲ್ಲಿ ಹಾಕಿ, ಸಳಿಗಳನ್ನು ಕೂಡಿಸಿ ತೊಲೆಯೊಳಗೆ ಕೆಳಗಡೆ ಇಡಿ, ಮೇಲೆ ಶಹಾಬಾದಿ ಫರ್ಸಿಯ ಚಪ್ಪಡಿ ಹಾಸಿಬಿಡಿ. ಫರ್ಸಿಗೆ ಪರ್ಮಿಟ್ ಬೇಡ.

ಇನ್ನು ಯಾರಿಂದ ಹಾಕಿಸುವುದು ಅನ್ನುವುದು ಉಳಿಯಿತು. ಯಾದಗಿರಿಯಿಂದ ಬೇರೆ ಗೌಂಡಿ ತರಿಸು ಅಂತ ಓಣಿಯವರೆಲ್ಲ ಹೇಳಿದರು. ಅವನು ಬರುವಷ್ಟರಲ್ಲಿ ಮಳೆ ಬಂದಿರುತ್ತದೆ. ಇವರನ್ನು ಕೇಳಿದೆ. "ಕರದ್ರ ಅವಗ ತ್ರಾಸ, ಕರೀಲಿಲ್ಲಂದ್ರ ನನಗ ತ್ರಾಸ. ನಿನಗ ಯಾವುದು ಸಣ್ಣದು ಅನಸತದ ನೋಡು," ಅಂದರು. ಎರಡೂ ಸಣ್ಣದಾಗಿರಲಿಲ್ಲ. ಆದರೆ ಕೆಮ್ಮು ನನ್ನ ಮನೆಯಲ್ಲಿತ್ತು. ನಾನು ಚಾಚಾನ ಮನೆಗೆ ಹೋದೆ.

ಬಾಗಿಲಲ್ಲೇ ನಿಂತು ಹೇಳಿದೆ. ಚಾಚಾ ಕರಣಿಗೆ ಹಿಡಿದ ಸುಣ್ಣ ಕೆರೆಯುತ್ತ ಕೇಳಿದರು. ಅವರ ಹೆಂಡತಿ ಒಳಗಿನಿಂದ ದಖನಿಯಲ್ಲಿ ಏನೋ ಅಂದರು, ಹೋಗಬೇಡಿ ಅಂದದ್ದು ಅಂತ ಧ್ವನಿಯಿಂದಲೇ ಗೊತ್ತಾಯಿತು.

"ನಾ ಹಾಕಿದ್ದು ನಾನ ಒಡೀಬೇಕು," ಅಂದರು ಕೊನೆಗೆ. "ಒಡದ ಮ್ಯಾಲ ನೋಡೋಣ."

ಮರುದಿನ ಒಬ್ಬರೇ ಬಂದರು. ಆಳು ಕೊಡುತ್ತೇನೆ ಅಂದೆ, ಬೇಡ ಅಂದರು. ಕೆಳಗೆ ಯಾರೂ ಹೋಗದ ಹಾಗೆ ನಾನು ಬಾಗಿಲಲ್ಲಿ ಕೂತೆ. ಸಲಿಕೆಯಿಂದಲೇ ಬಂತು, ಒಡೆಯುವ ಕೆಲಸವೇ ಇರಲಿಲ್ಲ. ಕೆರೆದು, ಬುಟ್ಟಿ ತುಂಬಿ, ಹೊತ್ತು ಕೆಳಗೆ ತಂದು ಹಿತ್ತಲಿಗೆ ಸುರಿದರು. ನೊಣ, ಇರುವೆ ಹಿತ್ತಲೆಲ್ಲ ಮುಸುಕಿದವು. ಅದನ್ನು ನೋಡಿ ಅವರು ಒಂದು ಗಳಿಗೆ ನಿಂತರು. ನಾನು ಒಳಗೆ ಹೋದೆ, ಅವರ ಮುಖ ನೋಡುವುದು ಬೇಡವಾಗಿತ್ತು.

ಸಳಿಗಳನ್ನು ನಾನೇ ತೊಳೆದೆ. ತೆಂಗಿನ ನಾರು, ಉಸುಕು ಹಾಕಿ ಒಂದೊಂದನ್ನೂ ತಿಕ್ಕಿದೆ. ಸಿಹಿಯ ಅಂಟು ಉಳಿದರೆ ಹೊಸ ಸಿಮೆಂಟೂ ಕೆಡುತ್ತದೆ ಅಂತ ಓವರ್ಸೀರರು ಹೆದರಿಸಿದ್ದರು. ಬುಟ್ಟಿ, ಸಲಿಕೆ, ಹಲಗೆ, ಹಂಡೆ ಎಲ್ಲಾ ಬಿಸಿನೀರಲ್ಲಿ ತೊಳೆದೆ. ನನ್ನ ಕೈ ಬಿರಿದು ಮೂರ್ನಾಲ್ಕು ದಿನ ರೊಟ್ಟಿ ಬಡಿಯಲಾಗಲಿಲ್ಲ, ಎದುರುಮನೆಯಾಕೆ ಬಡಿದು ಕಳಿಸಿದಳು. ಅವಳ ನಾಲಿಗೆ ಹರಿತ, ರೊಟ್ಟಿ ಮೆತ್ತಗೆ.

ತೊಲೆ ಹಾಕುವ ದಿನ ಚಾಚಾ ನೀರು ಕೂಡ ಬಾವಿಯಿಂದ ತಾವೇ ಸೇದಿ, ಬೊಗಸೆಯಲ್ಲಿ ಎತ್ತಿ ರುಚಿ ನೋಡಿ ಹಾಕಿದರು. ಓವರ್ಸೀರರು ಹೇಳಿದ ಪ್ರತಿಯೊಂದನ್ನೂ ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡರು. ಕಲಸಿದ್ದನ್ನು ತಡಮಾಡದೆ ತುಂಬಿ, ಸಳಿಯ ಕಡ್ಡಿಯಿಂದ ಕುಟ್ಟಿ ಕುಟ್ಟಿ ಮೂಲೆಗೆ ಇಳಿಸಿದರು. ಬಡಿಗೆ ಇಲ್ಲ, ಹಾಡು ಇಲ್ಲ, ಹುಗ್ಗಿಯೂ ಇಲ್ಲ. ನಾನು ಮಾಡುತ್ತೇನೆ ಅಂದಾಗ, "ಸಿಹಿ ಸಾಕು ಬೇಟಿ," ಅಂದರು. ನಮ್ಮ ಮನೆಯ ನೀರೂ ಕುಡಿಯಲಿಲ್ಲ. ಊಟಕ್ಕೆ ಎದ್ದು ಮನೆಗೆ ಹೋಗಿ ಬರುತ್ತಿದ್ದರು.

ಮರುದಿನ ಬೆಳಗ್ಗೆ ಏಣಿ ಹತ್ತಿ ಉಗುರಿನಿಂದ ಗೀರಿದೆ. ಉಗುರು ಮುರಿಯಿತು. ಏಣಿಯ ಮೇಲೇ ನಿಂತು ಅತ್ತುಬಿಟ್ಟೆ, ಯಾರೂ ನೋಡಲಿಲ್ಲ, ಅದೂ ಒಂದು ಪುಣ್ಯ.

ಗೋಣಿ ಹೊದಿಸಿ ತೊಲೆಗಳಿಗೆ ಹಗಲೂ ಸಂಜೆಯೂ ನೀರುಣಿಸಿದೆ. ಮೃಗಶಿರಾ ಮಳೆ ಆ ವರ್ಷ ನಮ್ಮ ಮೇಲೆ ಹಾಯದೆ ವನದುರ್ಗದ ಕಡೆ ಹೋಯಿತು. ರೈತರು ಬೈದರು, ನಾನು ಒಳಗೊಳಗೇ ಕೈ ಮುಗಿದೆ. ಫರ್ಸಿ ಬಂದವು, ಆಸರದ ಗಳ ತೆಗೆಯದೆಯೇ ಹಾಸಿದರು. ಸಂದು ತುಂಬಲು ಸಿಮೆಂಟು ಸಾಲಲಿಲ್ಲ. ಮೇಲೆ ನೀರು ತಡೆಯಲು ಏನಾದರೂ ಬೇಕಿತ್ತು.

ಚಾಚಾ ಏಣಿಯ ಕೆಳಗೆ ಬಂದು ನಿಂತು, ನೆಲ ನೋಡುತ್ತ, "ಗಚ್ಚು ಹಾಕಲೇನು?" ಅಂದರು. ಆಮೇಲೆ ಬಹಳ ಸಣ್ಣಗೆ, "ಗಚ್ಚಿಗಿ ಬೆಲ್ಲ ಬೇಕಾಗತದ," ಅಂದರು.

ಅದೇ ಹಂಡೆಯಲ್ಲಿ ಕಾಸಿದೆ. ಬೆಲ್ಲದ ವಾಸನೆ ಓಣಿಗೆಲ್ಲ ಹೋಯಿತು, ಬಾಗಿಲು ಬಾಗಿಲಿಗೆ ಮುಖ ಬಂದವು. ಮೈದುನ ಅವತ್ತು ಗಂಟು ಕಟ್ಟಿ, ಹೆಂಡತಿಯನ್ನು ಕರೆದುಕೊಂಡು ಬೀಗರ ಊರಿಗೆ ಹೊರಟುಹೋದ. ಅಣ್ಣನ ಕಾಲು ಮುಟ್ಟಿ ಹೋದ, ನನಗೆ ಹೇಳದೆ ಹೋದ. ಬಡಿಯಲು ಓಣಿಯ ಹೆಂಗಸರು ಬರಲಿಲ್ಲ. ಎದುರುಮನೆಯಾಕೆ ಬಂದಳು, ನಾನು ಕೂತೆ, ಚಾಚಾನ ಹೆಂಡತಿ ಮುಸುಕು ಹಾಕಿಕೊಂಡು ಬಂದು ಆ ತುದಿಯಲ್ಲಿ ಕೂತರು. ಮೂವರು ಬಡಿದೆವು. ಬಡಿಗೆಯ ಸಪ್ಪಳ ಕೇಳಿ ಇವರು ಕೆಳಗಿನಿಂದ, "ಮೂರ ಮಂದಿಗಿ ಇಷ್ಟ ಸಪ್ಪಳ ಅಂದ್ರ ಆರ ಮಂದಿ ಇದ್ರ ಗುಡ್ಡ ಇಳೀತಿತ್ತು," ಅಂದರು.

ಆರಿದ್ರಾ ಹುಟ್ಟುವ ಮೊದಲು ಇವರ ಮಂಚ ಹೊಸ ಕೋಲಿಗೆ ಹೋಯಿತು. ಕಿಟಕಿಯಿಂದ ಗಾಳಿ, ಬೆಳಗಿನ ಬಿಸಿಲು ಮಂಚದ ಕಾಲಿನ ತನಕ. ಮಳೆ ಹಿಡಿದ ರಾತ್ರಿ ಹಳೆಯ ಮನೆಯಲ್ಲಿ ಎಂದಿನಂತೆ ಕೊಡ, ಪರಾತ. ಹೊಸ ಕೋಲಿಯಲ್ಲಿ ನಾನು ಗೋಡೆ ಸವರಿ ನೋಡಿದೆ, ಮೂಲೆ ಸವರಿದೆ, ತೊಲೆಯ ಅಡಿ ಸವರಿದೆ. ಒಣ. ಆ ಮಳೆಗಾಲ ಪೂರ್ತಿ ಒಣ.

ಇವರು ಆ ಕೋಲಿಯಲ್ಲಿ ಶ್ರಾವಣ ಕಳೆದರು, ದಸರೆ ಕಳೆದರು. ಕನ್ನಡದ ಕಾಗದ ಬರೆದು ರೂಢಿ ಮಾಡಿಕೊಂಡರು, ಕಚೇರಿಗೆ ಮರಳಿ ಹೋಗುವ ಮಾತೂ ಆಡಿದರು. ಕಾರ್ತಿಕದ ಚಳಿ ಶುರುವಾದಾಗ ಕೆಮ್ಮು ತಿರುಗಿ ಬಂತು. ಯಾದಗಿರಿಗೆ ಒಯ್ಯುವ ಮಾತು ನಡೆಯುತ್ತಿರುವಾಗಲೇ, ಒಂದು ಮುಂಜಾನೆ, ಬಿಸಿಲು ಮಂಚದ ಕಾಲಿಗೆ ಬರುವ ಹೊತ್ತಿಗೆ, ಮುಗಿಯಿತು.

ಮೈದುನ ಬಂದ, ಓಣಿ ಬಂತು, ಕಚೇರಿಯವರು ಬಂದರು. ಅಂಗಳ ತುಂಬಿತ್ತು. ಎಲ್ಲರ ಹಿಂದೆ, ಬಾಗಿಲಾಚೆ ಚಾಚಾ ನಿಂತಿದ್ದರು. ಮೈದುನ ಅವರನ್ನು ನೋಡಿದ, ಸರಿದು ದಾರಿ ಬಿಟ್ಟ. ಅಷ್ಟನ್ನಾದರೂ ಮಾಡಿದ. ಚಾಚಾ ಚಪ್ಪಲಿ ಬಿಟ್ಟು ಒಳಗೆ ಬಂದರು. ಮೊದಲು ಕೆಳಗೆ ನೋಡಲಿಲ್ಲ. ಮೂರು ತೊಲೆಗಳನ್ನೂ, ಫರ್ಸಿಯ ಸಂದುಗಳನ್ನೂ, ನಾಲ್ಕು ಮೂಲೆಗಳನ್ನೂ ನೋಡಿದರು. ಆಮೇಲೆ ಇವರ ಮುಖ ನೋಡಿದರು.

"ಸೋರಿತೇನು ಬೇಟಿ?" ಅಂತ ಕೇಳಿದರು.

"ಇಲ್ಲ ಚಾಚಾ. ಒಂದು ಹನಿನೂ ಬಿದ್ದಿಲ್ಲ."

"ಮತ್ತ್ಯಾಕ ಹೋದ್ರು?"

ಮನಸ್ಸು ನೋಯಿಸಲು ಕೇಳಿದ್ದಲ್ಲ. ಮಾಳಿಗೆ ನಿಂತಿದೆ, ಆದರೂ ಯಾಕೆ ಅಂತ ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ದಿನಾ ಬೆಳಗ್ಗೆ ವಿಭೂತಿ ಹಚ್ಚಿ ಕೂತಾಗ ನಾನು ದೇವರನ್ನು ಕೇಳುವುದೂ ಅದನ್ನೇ. ಬೇರೆ ಬಹಳ ಕೊಟ್ಟಿದ್ದಾನೆ, ಒಪ್ಪುತ್ತೇನೆ. ಇದಕ್ಕೊಂದು ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ.